ಅಪ್‌ಡೇಟ್: ಬಂಡಾ ನೈರಾ ಬಂದರಿನಲ್ಲಿ ಎರಡು ರಾತ್ರಿ

ಇಂಡೋನೇಷ್ಯಾದ ಬಂಡಾ ನೈರಾ ದ್ವೀಪದ ಬಂದರಿನ ಆಳವಾದ ನೀರಿನಲ್ಲಿ ನಮ್ಮ ಹಾಯಿದೋಣಿಯ ಲಂಗರು ನಿಲ್ಲುವುದೇ ಎಂದು ಹಿಂದೆ ಕೇಳಿದ್ದೆ. ನೀವು ಸೂಚಿಸಿದಂತೆ ಮುಂಭಾಗದಿಂದ ಲಂಗರನ್ನು ಇಳಿಸಿ, ಹಿಂಭಾಗವನ್ನು ಎರಡು ಉದ್ದ ಹಗ್ಗಗಳಿಂದ ದಡಕ್ಕೆ ಬಿಗಿದ ಕಾರಣ, ನಾನೂ ಪತ್ನಿಯೂ ನಿಶ್ಚಿಂತೆಯಿಂದ ಮಲಗಿದೆವು. ಎದುರಿಗೇ ಇರುವ, 1988ರಲ್ಲಿ ಸಿಡಿದಿದ್ದ ಗುನುಂಗ್ ಆಪಿ ಜ್ವಾಲಾಮುಖಿಯನ್ನು ಏರಲು ಸಮಯವಿರಲಿಲ್ಲ.

ಡಚ್ಚರು 1611ರಲ್ಲಿ ಕಟ್ಟಿದ ಬೆಲ್ಗಿಕಾ ಕೋಟೆಯನ್ನು ನೋಡಿ, ಎತ್ತರದ ಕೆನಾರಿ ಮರಗಳ ನೆರಳಿನ ಜಾಯಿಕಾಯಿ ತೋಟಕ್ಕೆ ಹೋದೆವು. ಉತ್ತರ ಕನ್ನಡದ ಅಡಿಕೆ ತೋಟಗಳಲ್ಲಿ ಜಾಯಿಕಾಯಿ ಮರವನ್ನು ನೋಡುತ್ತ ಬೆಳೆದ ನನಗೆ, ಅದರ ತವರಿನಲ್ಲಿ, ಬಿರಿದ ಹಣ್ಣಿನೊಳಗಿನ ಕೆಂಪು ಜಾಪತ್ರೆಯನ್ನು ಕಂಡಾಗ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಏಕೆಂದರೆ ಈ ಬೀಜದ ಏಕಸ್ವಾಮ್ಯಕ್ಕಾಗಿಯೇ ಡಚ್ ಈಸ್ಟ್ ಇಂಡಿಯಾ ಕಂಪನಿಯು 1621ರಲ್ಲಿ ಇಲ್ಲಿನ ಜನರಲ್ಲಿ ಬಹುಪಾಲನ್ನು ಕೊಂದು, ಹಲವರನ್ನು ಗುಲಾಮರನ್ನಾಗಿ ಸಾಗಿಸಿತ್ತು. ಮರುದಿನ ಬೆಳಿಗ್ಗೆ ಹಗ್ಗ ಬಿಚ್ಚಿ ಹೊರಟೆವು.