ಗೋಡೆಯ ದೊಡ್ಡ ಜೇಡ, ಎದೆಯಡಿ ಬಿಳಿ ಬಿಲ್ಲೆ: ಯಾವುದಿದು, ಹೇಗೆ ಇಟ್ಟುಕೊಳ್ಳಬೇಕು?

ಪ್ರಶ್ನೆ (ಸಾಗರದಿಂದ): ಉಗ್ರಾಣದ ಗೋಡೆ ಮೇಲಿದ್ದ ಕಂದು ಜೇಡವನ್ನು ಹಿಡಿದು ಬಿಸ್ಕತ್ತಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟಿದ್ದೇವೆ. ಕಾಲು ಚಾಚಿದರೆ 9 ಸೆಂ.ಮೀ. ಬರುತ್ತದೆ. ಬಲೆ ಕಟ್ಟಿರಲಿಲ್ಲ, ಏಡಿಯ ಹಾಗೆ ಅಡ್ಡಡ್ಡ ಓಡುತ್ತಿತ್ತು. ಅಡಿಯಲ್ಲಿ ಬಿಳಿ ಬಿಲ್ಲೆಯಂಥದ್ದನ್ನು ಅವುಚಿಕೊಂಡಿದೆ. ಜಿರಳೆ ಹಾಕಿದರೆ ಮೂಸಿಯೂ ನೋಡುತ್ತಿಲ್ಲ. ಮಗಳು ಸಾಕೋಣ ಅಂತಾಳೆ, ಅತ್ತೆ ವಿಷದ ಹುಳ, ಆಚೆ ಹಾಕು ಅಂತಾರೆ. ಯಾವ ಜೇಡ ಇದು? ಫೋಟೊ ಹಾಕಿದ್ದೇನೆ.

ಉತ್ತರ (ಜೇಡ ಅಧ್ಯಯನ): ಮೇಡಂ, ಇದು ಹಂಟ್ಸ್‌ಮನ್ ಜೇಡ, ಹೆಟೆರೊಪೋಡಾ ವೆನಟೋರಿಯಾ. ಬೆಳೆದ ಹೆಣ್ಣು, ಅವುಚಿಕೊಂಡಿರುವ ಬಿಳಿ ಬಿಲ್ಲೆ ಅದರ ಮೊಟ್ಟೆಚೀಲ. 1767ರಲ್ಲೇ ಲಿನೇಯಸ್ ಹೆಸರಿಟ್ಟ ಜಾತಿ. ಏಷ್ಯಾ ಮೂಲದ್ದು, ಹಡಗಿನ ಸರಕು ಮತ್ತು ಬಾಳೆಗೊನೆಗಳ ಜೊತೆ ಉಷ್ಣವಲಯದ ಎಷ್ಟೋ ದೇಶಗಳಿಗೆ ಹಬ್ಬಿದೆ. ನಮ್ಮ ಹಂಚಿನ ಮನೆ, ಕೊಟ್ಟಿಗೆ, ಉಗ್ರಾಣಗಳಲ್ಲಿ ಜಿರಳೆ ಇರುವ ಕಡೆ ಇದೂ ಇರುತ್ತದೆ.

ಖಚಿತ ಮಾಡಿಕೊಳ್ಳಲು ಫೋಟೊವನ್ನು ದೊಡ್ಡದು ಮಾಡಿ ಮುಖ ನೋಡಿ. ಎಂಟು ಕಣ್ಣು ಎರಡು ಸಾಲಿನಲ್ಲಿವೆ, ಮುಂದಿನ ಸಾಲಿನ ಕೆಳಗೆ ಮೀಸೆ ಬಳಿದಂತೆ ಒಂದು ಕೆನೆಬಣ್ಣದ ಪಟ್ಟಿ ಇದೆ. ಕಾಲಿನ ಮೇಲೆ ಕಪ್ಪು ಚುಕ್ಕೆಗಳಿವೆ, ಪ್ರತಿ ಚುಕ್ಕೆಯಿಂದ ಒಂದು ಮುಳ್ಳು ಎದ್ದಿದೆ. ಗಂಡಾಗಿದ್ದರೆ ಮೈ ಸಣ್ಣ, ಕಾಲು ಇನ್ನೂ ಉದ್ದ, ಬಾಯಿಯ ಪಕ್ಕದ ಪುಟ್ಟ ಕೈಗಳ ತುದಿ ಉಬ್ಬಿರುತ್ತಿತ್ತು.

ಮೊಟ್ಟೆಚೀಲ ಇರುವಾಗ ಗುರುತಿಸುವುದು ಇನ್ನೂ ಸುಲಭ, ಅದನ್ನು ಎಲ್ಲಿ ಹೊತ್ತಿದೆ ಅಂತ ನೋಡಿದರಾಯಿತು. ಹಂಟ್ಸ್‌ಮನ್‌ನ ಚೀಲ ಚಪ್ಪಟೆ, ದುಂಡಗೆ. ಎದೆಯಡಿ ಪುಟ್ಟ ಕೈಗಳಿಂದ ಹಿಡಿದಿರುತ್ತದೆ. ತೋಳಜೇಡದ್ದು ಗೋಲಿಯಂಥ ಉಂಡೆ. ಬಾಲದ ಕಡೆ, ನೂಲು ಬರುವ ಜಾಗಕ್ಕೆ ಅಂಟಿಸಿಕೊಂಡು ಎಳೆದಾಡುತ್ತದೆ. ನರ್ಸರಿವೆಬ್ ಜೇಡವೂ ಉಂಡೆಯನ್ನೇ ಹೊರುತ್ತದೆ, ಆದರೆ ಕೋರೆಯಲ್ಲಿ ಕಚ್ಚಿಕೊಂಡು. ಮೂಲೆಯಲ್ಲಿ ತಲೆಕೆಳಗಾಗಿ ತೂಗುವ ಬಡಕಲು ಕಾಲಿನ ಮನೆಜೇಡದ ಬಾಯಲ್ಲಿ ಮೊಟ್ಟೆಗಳು ಒಂದೊಂದಾಗಿ ಎಣಿಸುವಂತೆ ಕಾಣುತ್ತವೆ. ಚೀಲ ಇಲ್ಲದಿದ್ದರೆ ಗಾಜಿನ ಬಾಟಲಿಯಲ್ಲಿ ಬಿಟ್ಟು ನೋಡಿ: ಪಾದದ ತುದಿಯಲ್ಲಿ ಸೂಕ್ಷ್ಮ ರೋಮದ ಗೊಂಚಲು ಇರುವುದರಿಂದ ಹಂಟ್ಸ್‌ಮನ್ ಗಾಜನ್ನು ಸರಸರ ಏರುತ್ತದೆ. ತೋಳಜೇಡಕ್ಕೆ ಸಾಮಾನ್ಯವಾಗಿ ಅದು ಆಗುವುದಿಲ್ಲ, ಜಾರುತ್ತದೆ.

ಊಟ ಬಿಟ್ಟಿರುವುದು ಕಾಯಿಲೆಯಲ್ಲ. ಚೀಲ ಹೊತ್ತಿರುವಷ್ಟು ಕಾಲ, ಅಂದರೆ ಒಂದು ತಿಂಗಳ ಆಸುಪಾಸು, ತಾಯಿ ಸಾಮಾನ್ಯವಾಗಿ ತಿನ್ನುವುದಿಲ್ಲ. ಡಬ್ಬಿಯಲ್ಲಿರುವ ಜಿರಳೆಯನ್ನು ಈಗಲೇ ತೆಗೆಯಿರಿ. ರಾತ್ರಿ ಅದು ಮೈಮೇಲೆ ಹರಿದಾಡಿದರೆ ತಾಯಿ ಗಾಬರಿಯಾಗಿ ಚೀಲ ಬಿಟ್ಟುಬಿಡಬಹುದು, ಇಲ್ಲವೇ ತಾನೇ ತಿಂದುಹಾಕಬಹುದು. ಬಿಟ್ಟಿದ್ದು ಕಂಡರೆ ಕೈ ಹಾಕಬೇಡಿ, ಕಡ್ಡಿಯಿಂದ ಚೀಲವನ್ನು ಅದರ ಮುಂದಕ್ಕೆ ಸರಿಸಿ ಕತ್ತಲು ಮಾಡಿ. ಬಹಳಷ್ಟು ಸಲ ಮತ್ತೆ ಎತ್ತಿಕೊಳ್ಳುತ್ತದೆ.

ಪ್ರಶ್ನೆ (ಸಾಗರ): ಹಾಗಾದರೆ ಮರಿ ಆಗುವ ತನಕ ಇಟ್ಟುಕೊಳ್ಳಬಹುದಾ? ಡಬ್ಬಿ ಹೇಗಿರಬೇಕು ಸರ್?

ಉತ್ತರ: ಇಟ್ಟುಕೊಳ್ಳಿ, ತೊಂದರೆ ಇಲ್ಲ. ಆದರೆ ಬಿಸ್ಕತ್ತಿನ ಡಬ್ಬಿ ಸಾಲದು. ಇದು ಗೋಡೆಯ ಪ್ರಾಣಿ, ನೆಲದ ಅಗಲಕ್ಕಿಂತ ಎತ್ತರ ಮುಖ್ಯ. ಕನಿಷ್ಠ 30 ಸೆಂ.ಮೀ. ಎತ್ತರ, 20 ಸೆಂ.ಮೀ. ಅಗಲದ ಪಾರದರ್ಶಕ ಡಬ್ಬಿ ನೋಡಿ. ತಳಕ್ಕೆ 2–3 ಸೆಂ.ಮೀ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿ, ಮೊದಲು ನೆನೆಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಒಣಗಿಸಿಕೊಳ್ಳಿ. ಅಡಗಲು ನಿಮ್ಮ ಕಡೆ ಅಡಿಕೆ ಹಾಳೆಗಿಂತ ಒಳ್ಳೆಯದು ಯಾವುದೂ ಇಲ್ಲ. ಒಣ ಹಾಳೆಯ ತುಂಡೊಂದನ್ನು ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿ, ಹಿಂದೆ ಎರಡು ಬೆರಳು ತೂರುವಷ್ಟು ಸಂದಿ ಇರಲಿ. ಮೇಲಿನ ಮೂರನೇ ಒಂದು ಭಾಗ ಖಾಲಿ ಬಿಡಿ.

ಗಾಳಿಗೆ ಮುಚ್ಚಳದಲ್ಲಿ ಮಾತ್ರ ತೂತು ಮಾಡಿದರೆ ಒಳಗೆ ಹಸಿ ಕಟ್ಟುತ್ತದೆ. ಎದುರುಬದುರು ಎರಡು ಗೋಡೆಗೂ ಕಾದ ಸೂಜಿಯಿಂದ ತೂತು ಮಾಡಿ, ಒಂದರಲ್ಲಿ ಕೆಳಗೆ, ಇನ್ನೊಂದರಲ್ಲಿ ಮೇಲೆ. ಗಾಳಿ ತಾನೇ ಓಡಾಡುತ್ತದೆ. ಮರಿ ಹೊರಬರುವ ಹೊತ್ತಿಗೆ ಈ ತೂತೆಲ್ಲ ಅವಕ್ಕೆ ಹೆಬ್ಬಾಗಿಲಾಗುತ್ತದೆ, ಆದ್ದರಿಂದ ಈಗಲೇ ಒಳಗಿನಿಂದ ಮಲ್ ಬಟ್ಟೆ ಅಂಟಿಸಿ. ಸೊಳ್ಳೆಪರದೆಯ ಕಣ್ಣು ದೊಡ್ಡದಾಯಿತು.

ನೀರಿಗೆ ಬಾಟಲಿ ಮುಚ್ಚಳ, ಅದರಲ್ಲೊಂದು ಬೆಣಚುಕಲ್ಲು. ಎರಡು ದಿನಕ್ಕೊಮ್ಮೆ ಡಬ್ಬಿಯ ಒಂದು ಗೋಡೆಗೆ ಮಾತ್ರ ಸ್ಪ್ರೇ ಮಾಡಿ, ಹನಿ ನೆಕ್ಕಿಕೊಳ್ಳುತ್ತದೆ. ಚೀಲಕ್ಕೆ ನೀರು ಬೀಳಬಾರದು, ಬೂಷ್ಟು ಹಿಡಿದರೆ ಒಳಗಿನ ಮೊಟ್ಟೆ ಅಷ್ಟೂ ಹೋಯಿತು. ಮಳೆಗಾಲದ ಮಲೆನಾಡಿನಲ್ಲಿ ಸ್ಪ್ರೇ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಅಲ್ಲಿ ಜೇಡ ಸಾಯುವುದು ಒಣಗಿ ಅಲ್ಲ, ಡಬ್ಬಿಯಲ್ಲಿ ನಿಂತ ಹಸಿಯಿಂದ. 22ರಿಂದ 30 ಡಿಗ್ರಿ ಸಾಕು. ಕಿಟಕಿಯ ಬಿಸಿಲು ಮಾತ್ರ ತಾಗಬಾರದು, ಮುಚ್ಚಿದ ಪ್ಲಾಸ್ಟಿಕ್ ಬಹಳ ಬೇಗ ಕಾದುಬಿಡುತ್ತದೆ. ಇರುವೆ ಬರುವ ಮನೆಯಾದರೆ ಡಬ್ಬಿಯನ್ನು ನೀರು ಹಾಕಿದ ತಟ್ಟೆಯ ನಡುವೆ ಒಂದು ಬಟ್ಟಲು ಬೋರಲು ಹಾಕಿ ಅದರ ಮೇಲಿಡಿ. ಇರುವೆ ಸೀಮೆಸುಣ್ಣ ಗೀಚಬೇಡಿ.

ಆ ಕೋಣೆಯಲ್ಲಿ ಜಿರಳೆ ಸ್ಪ್ರೇ, ಸೊಳ್ಳೆಬತ್ತಿ, ಪ್ಲಗ್ಗಿಗೆ ಹಾಕುವ ಲಿಕ್ವಿಡ್ ಯಾವುದೂ ಬೇಡ. ಅವುಗಳಲ್ಲಿರುವುದು ಪೈರೆಥ್ರಾಯ್ಡ್ ಜಾತಿಯ ವಿಷ, ನರಕ್ಕೆ ಹೊಡೆಯುತ್ತದೆ. ಕಾಲು ನಡುಗುತ್ತಾ, ಕುಡಿದವರಂತೆ ತೂರಾಡುತ್ತಿದ್ದರೆ ಅದೇ ಕಾರಣ ಇರಬಹುದು, ಮದ್ದಿಲ್ಲ. ಒಳ್ಳೆ ಗಾಳಿಗೆ ಇಟ್ಟು ನೀರು ಕೊಡುವುದಷ್ಟೇ ಉಳಿಯುವುದು. ವಿಷ ಹೊಡೆದ ಮನೆಯ ಜಿರಳೆ ತಿನ್ನಿಸಿದರೂ ಇದೇ ಗತಿ.

ಪ್ರಶ್ನೆ (ಹಾಸನದಿಂದ): ನಮ್ಮಲ್ಲೂ ಇಂಥದ್ದೇ ಒಂದಿದೆ, ಚೀಲ ಇಲ್ಲ. ಬೆಳಿಗ್ಗೆಯಿಂದ ಕಾಲೆಲ್ಲ ಒಳಗೆ ಮಡಚಿ ತಳದಲ್ಲಿ ಬಿದ್ದಿದೆ. ಮುಟ್ಟಿದರೆ ಸ್ವಲ್ಪ ಅಲುಗುತ್ತದೆ. ಸತ್ತುಹೋಗುತ್ತಾ?

ಉತ್ತರ: ಹೊಟ್ಟೆ ಸುಕ್ಕುಗಟ್ಟಿದೆಯಾ ನೋಡಿ. ಸುಕ್ಕಿದ್ದರೆ ನೀರಿಲ್ಲದೆ ಹೀಗಾಗಿದೆ. ಜೇಡದ ಕಾಲು ಮಡಚಲು ಸ್ನಾಯುಗಳಿವೆ, ಚಾಚಲು ಮುಖ್ಯ ಕೀಲುಗಳಲ್ಲಿ ಸ್ನಾಯುವೇ ಇಲ್ಲ, ದೇಹದ್ರವದ ಒತ್ತಡದಿಂದ ಚಾಚುತ್ತವೆ. ನೀರು ಕಡಿಮೆಯಾದರೆ ಒತ್ತಡ ಬಿದ್ದು ಕಾಲು ಸುತ್ತಿಕೊಳ್ಳುತ್ತವೆ. ಸೂಜಿ ತೆಗೆದ ಸಿರಿಂಜಿನಿಂದ ಒಂದು ಹನಿಯನ್ನು ಕೋರೆಗಳ ಬುಡಕ್ಕೆ ತಾಗಿಸಿ ಕಾಯಿರಿ, ಹೀರಿಕೊಂಡರೆ ಇನ್ನೊಂದು. ಸಕ್ಕರೆ, ಗ್ಲೂಕೋಸ್ ಬೇಡ. ಆಮೇಲೆ ಒದ್ದೆ ಟಿಶ್ಯೂ ಹಾಸಿದ ಸಣ್ಣ ಡಬ್ಬಿಯಲ್ಲಿ ಕತ್ತಲಲ್ಲಿಡಿ. ಹೊಟ್ಟೆಯ ಅಡಿಭಾಗ ನೀರಲ್ಲಿ ಮುಳುಗಬಾರದು, ಉಸಿರಾಡುವ ಪುಸ್ತಕ-ಶ್ವಾಸಕೋಶದ ಸೀಳು ಅಲ್ಲೇ ಇರುವುದು. ಕೆಲವು ಗಂಟೆಗಳಲ್ಲಿ ಕಾಲು ಬಿಡಿಸಿದರೆ ಬದುಕಿತು.

ಹೊಟ್ಟೆ ತುಂಬಿಕೊಂಡೇ ಇದ್ದು, ಮೇಲೆ ತಲೆಕೆಳಗಾಗಿ ನೇತಾಡುತ್ತಿದ್ದರೆ ಅದು ಬೇರೆ ವಿಚಾರ: ಪೊರೆ ಬಿಡುತ್ತಿದೆ. ಆಗ ಡಬ್ಬಿಯನ್ನು ಅಲುಗಿಸಲೂ ಬೇಡಿ, ಕೆಳಗೆ ಬಿದ್ದರೆ ಕಾಲು ಪೊರೆಯಲ್ಲೇ ಸಿಕ್ಕಿಕೊಳ್ಳುತ್ತವೆ. ಹೊಸ ಕೋರೆ ಮೊದಲು ಬೆಳ್ಳಗಿರುತ್ತದೆ. ಕಪ್ಪಾಗಿ ಗಟ್ಟಿಯಾಗಲು ಒಂದು ವಾರ ಬಿಟ್ಟು ಊಟ ಕೊಡಿ. ಊಟ ಅಂದರೆ ವಾರಕ್ಕೊಂದು ಹುಳ, ಅದರ ಉದ್ದ ಜೇಡದ ಮೈಗಿಂತ ಕಡಿಮೆ ಇರಲಿ. ಮಿಡತೆ, ಪತಂಗ, ಜಿರಳೆ ಮರಿ ಏನಾದರೂ ಆದೀತು. ಮರುದಿನ ಉಳಿದಿದ್ದರೆ ತೆಗೆದುಬಿಡಿ, ಪೊರೆ ಬಿಡುವ ಮೆತ್ತಗಿನ ಜೇಡವನ್ನು ಹುಳವೇ ಕಡಿದು ತಿನ್ನುವುದುಂಟು.

ಪ್ರಶ್ನೆ (ಹಾಸನ): ಹಿಡಿಯುವಾಗ ಒಂದು ಕಾಲು ಕಳಚಿಹೋಗಿದೆ. ಮತ್ತೆ ಬರುತ್ತಾ?

ಉತ್ತರ: ಮರಿಯಾಗಿದ್ದರೆ ಬರುತ್ತದೆ, ಮುಂದಿನ ಪೊರೆಗೆ ಗಿಡ್ಡ ಕಾಲು, ಆಮೇಲೆ ಉದ್ದ. ಪ್ರಾಯಕ್ಕೆ ಬಂದ ಹಂಟ್ಸ್‌ಮನ್ ಪೊರೆ ಬಿಡುವುದಿಲ್ಲ, ಹೋದ ಕಾಲು ಹೋದಂತೆಯೇ. ಏಳು ಕಾಲಿನಲ್ಲೂ ಬೇಟೆಯಾಡುತ್ತದೆ. ಮುಂದೆ ಹಿಡಿಯುವಾಗ ಬಾಯಿ ಕನಿಷ್ಠ 12 ಸೆಂ.ಮೀ. ಇರುವ ಡಬ್ಬಿ ಕವುಚಿ, ಅಂಚು ಕಾಲಿನ ಮೇಲೆ ಬೀಳದಂತೆ ನೋಡಿ, ರಟ್ಟನ್ನು ಅಡಿಯಲ್ಲಿ ನಿಧಾನ ತೂರಿಸಿ. ಕಾಲು ಹಿಡಿದು ಎಳೆದರೆ ತಾನೇ ಕಳಚಿಕೊಂಡು ಓಡುತ್ತದೆ.

ಪ್ರಶ್ನೆ (ಮಂಡ್ಯದಿಂದ): ಸಾಕುವುದಿರಲಿ, ನಮ್ಮ ಹುಡುಗನ ಕುತ್ತಿಗೆಗೆ ಜೇಡ ಉಚ್ಚೆ ಹೊಯ್ದು ಬೊಕ್ಕೆ ಎದ್ದಿದೆ. ಇದೇ ಜೇಡವೇ?

ಉತ್ತರ (ಚರ್ಮವೈದ್ಯೆ): ಜೇಡದ ಮೇಲೆ ಹಾಕುವ ಈ ದೂರು ಹೊರರೋಗಿ ವಿಭಾಗದಲ್ಲಿ ನಿತ್ಯದ್ದು, ಆದರೆ ಹಾಗೆ ಬೊಕ್ಕೆ ಬರುವುದಿಲ್ಲ. ರಾತ್ರಿ ದೀಪಕ್ಕೆ ಬರುವ, ಕಿತ್ತಳೆ-ಕಪ್ಪು ಪಟ್ಟೆಯ, ಒಂದು ಸೆಂ.ಮೀ.ಗಿಂತ ಚಿಕ್ಕ ಪೆಡೆರಸ್ ಅನ್ನುವ ಹುಳವನ್ನು ಕುತ್ತಿಗೆಯ ಮೇಲೆ ಒರೆಸಿ ಹಾಕಿದಾಗ ಅದರ ರಸ ತಾಗಿ, ಒಂದೆರಡು ದಿನದಲ್ಲಿ ಗೀಚಿದಂತೆ ಉದ್ದಕ್ಕೆ ಬೊಕ್ಕೆ ಏಳುತ್ತದೆ. ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಾಗಿ, ಮೊದಲು ನೋವು ಬಂದು ಆಮೇಲೆ ಎದ್ದಿದ್ದರೆ ಸರ್ಪಸುತ್ತು ಇರಬಹುದು. ಎರಡಕ್ಕೂ ಮದ್ದು ಬೇರೆ ಬೇರೆ, ತೋರಿಸಿಕೊಂಡು ಬನ್ನಿ. ಸುಣ್ಣ, ಅರಿಶಿನ ಬಳಿಯಬೇಡಿ.

ಹಂಟ್ಸ್‌ಮನ್ ನಿಜಕ್ಕೂ ಕಚ್ಚಿದರೆ ಉರಿ, ನೋವು, ಸ್ವಲ್ಪ ಊತ ಬರುತ್ತದೆ. ಸೋಪಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಿ, ಧನುರ್ವಾಯು ಚುಚ್ಚುಮದ್ದಿನ ಅವಧಿ ನೋಡಿಕೊಳ್ಳಿ. ಕೆಂಪು ಹರಡುತ್ತಿದ್ದರೆ, ಕೀವಾದರೆ, ಜ್ವರ ಬಂದರೆ ಆಸ್ಪತ್ರೆಗೆ ಬನ್ನಿ. ಉಸಿರು ಕಟ್ಟಿದರೆ ಅಥವಾ ಮುಖ ಊದಿದರೆ ಒಂದು ಕ್ಷಣವೂ ಕಾಯಬೇಡಿ.

ಪ್ರಶ್ನೆ (ಸಿದ್ದಾಪುರದಿಂದ): ತೋಟದ ಹಳೆ ಮರದ ಪೊಟರೆಯಲ್ಲಿ ಇದಕ್ಕಿಂತ ದಪ್ಪ, ಮೈತುಂಬ ರೋಮದ್ದು ಇದೆ. ಅದನ್ನೂ ಹೀಗೇ ಡಬ್ಬಿಯಲ್ಲಿ ಇಡಬಹುದಾ?

ಉತ್ತರ (ಜೇಡ ಅಧ್ಯಯನ): ಬೇಡ, ಪೊಟರೆಯಲ್ಲೇ ಬಿಡಿ. ಅದು ಟರಂಟುಲಾ ಇರಬೇಕು. ಅದರ ಕೋರೆಗಳು ಅಕ್ಕಪಕ್ಕ ಸಮಾಂತರವಾಗಿ ಕೆಳಕ್ಕೆ ಕುಕ್ಕುತ್ತವೆ, ಹಂಟ್ಸ್‌ಮನ್‌ನವು ಚಿಮುಟದಂತೆ ಎದುರುಬದುರು ಕೂಡುತ್ತವೆ. ಪಶ್ಚಿಮ ಘಟ್ಟದ ಮರದ ಟರಂಟುಲಾಗಳಲ್ಲಿ ಪೊಯಿಸಿಲೋಥೀರಿಯಾ ಕುಲದವು 2019ರಿಂದ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ನಮ್ಮ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಸೈಟಿಸ್ ಪಟ್ಟಿಯ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನೂ ಮಾರುವುದನ್ನೂ ಕಾನೂನಿನ ಕೆಳಗೆ ತಂದಿದೆ. ಫೋಟೊ ತೆಗೆದು ಮರದ ಗುರುತು ಹೇಳಿ ಯಾರಿಗೂ ಕಳಿಸಬೇಡಿ, ಇವುಗಳನ್ನು ಹಿಡಿದು ಮಾರುವವರಿದ್ದಾರೆ. ಕಚ್ಚಿದರೂ ಹಂಟ್ಸ್‌ಮನ್‌ಗಿಂತ ಜೋರು, ತೀವ್ರ ನೋವಿನ ಜೊತೆ ಸ್ನಾಯು ಸೆಳೆತ ಬರುತ್ತದೆ.

ಪ್ರಶ್ನೆ (ಸಾಗರ): ಮರಿ ಬಂದ ಮೇಲೆ ಎಲ್ಲವನ್ನೂ ಸಾಕುವುದಕ್ಕಾಗುತ್ತಾ?

ಉತ್ತರ: ಆಗುವುದಿಲ್ಲ, ಒಂದು ಚೀಲದಲ್ಲಿ ನೂರಾರು ಇರುತ್ತವೆ. ಹಸಿದರೆ ಒಂದನ್ನೊಂದು ತಿನ್ನಲು ಶುರುಮಾಡುತ್ತವೆ. ಮಗಳಿಗಾಗಿ ನಾಲ್ಕೈದನ್ನು ಇಟ್ಟುಕೊಳ್ಳಿ, ಒಂದೊಂದಕ್ಕೂ ಬೇರೆ ಸಣ್ಣ ಡಬ್ಬಿ, ಬಾಯಿಗೆ ಮಲ್ ಬಟ್ಟೆ. ಕಳಿತ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳು ಸಾಕು, ವಾರಕ್ಕೆ ಎರಡು ಸಲ. ಉಳಿದವನ್ನು ಸಂಜೆ ಕತ್ತಲಾಗುವಾಗ ಕೊಟ್ಟಿಗೆ ಗೋಡೆ, ಸೌದೆ ರಾಶಿ, ಮರದ ಬೊಡ್ಡೆ ಅಂತ ಹಂಚಿ ಬಿಡಿ. ಹಗಲಲ್ಲಿ ಬಿಟ್ಟರೆ ಪಿಕಳಾರ, ಹಲ್ಲಿಗಳ ಪಾಲು.

ತಾಯಿ ಬಳಲಿರುತ್ತದೆ. ನೀರು ಕೊಟ್ಟು, ಎರಡು ಮೂರು ದಿನ ಬಿಟ್ಟು ಒಂದು ಸಣ್ಣ ಜಿರಳೆ ಕೊಡಿ. ತಿಂದ ಮೇಲೆ ಸಿಕ್ಕಿದ ಉಗ್ರಾಣಕ್ಕೇ ಬಿಟ್ಟರೆ ಒಳ್ಳೆಯದು, ಅಲ್ಲಿ ವಿಷ ಹೊಡೆಯದಿದ್ದರೆ. ಗಂಡಿನ ವೀರ್ಯ ಮೈಯಲ್ಲಿ ಸಂಗ್ರಹ ಇರುವುದರಿಂದ ಮತ್ತೆ ಕೂಡದೆಯೂ ಇನ್ನೊಂದು ಚೀಲ ಮಾಡಬಲ್ಲದು, ಕಂಡರೆ ಗಾಬರಿಯಾಗಬೇಡಿ. ಒಂದೂವರೆ ತಿಂಗಳಾದರೂ ಈಗಿನ ಚೀಲದಿಂದ ಏನೂ ಬರದೆ ತಾಯಿ ಬಿಟ್ಟುಹಾಕಿದರೆ ಮೊಟ್ಟೆ ಕೆಟ್ಟಿದೆ ಅಂತ ಲೆಕ್ಕ. ಚೀಲ ತೆಗೆದುಹಾಕಿ, ತಾಯಿಗೆ ಊಟ ಶುರುಮಾಡಿ.