ಮನೆಯ ಈಜುಕೊಳದಲ್ಲಿ ಸ್ಟೆಬಿಲೈಸರ್ ಮಟ್ಟ ಏರಿದೆ. ನೀರು ಹೊರಹಾಕದೆ ಇಳಿಸಬಹುದೇ?

ದುರ್ಗದ ಹಿತ್ತಲು:
ಚಿತ್ರದುರ್ಗದ ಹೊರವಲಯದ ನಮ್ಮ ಮನೆಯ ಹಿತ್ತಲಿನಲ್ಲಿ ಸುಮಾರು 40,000 ಲೀಟರ್ ಹಿಡಿಯುವ, ಮೇಲ್ಛಾವಣಿಯಿಲ್ಲದ ಈಜುಕೊಳವಿದೆ. ಮೊದಲಿನಿಂದಲೂ 200 ಗ್ರಾಂ ತೂಕದ ಟ್ರೈಕ್ಲೋರ್ ಮಾತ್ರೆಗಳನ್ನೇ ಬಳಸುತ್ತಿದ್ದೇವೆ. ಪರೀಕ್ಷಾ ಪಟ್ಟಿಯಲ್ಲಿ ಫ್ರೀ ಕ್ಲೋರಿನ್ 3 ಪಿಪಿಎಂ ಇದೆ, ಪಿಎಚ್ ಕೂಡ ಮಿತಿಯೊಳಗಿದೆ. ಆದರೂ ಮೂಲೆಗಳಲ್ಲಿ ಕಟ್ಟುವ ಪಾಚಿ ಎಷ್ಟು ಉಜ್ಜಿದರೂ ಮರಳಿ ಬರುತ್ತಿದೆ. ಸ್ಟೆಬಿಲೈಸರ್ ಚೌಕ ಮಾತ್ರ ಪಟ್ಟಿಯ ಕೊನೆಯ ಬಣ್ಣಕ್ಕೆ, ಅಂದರೆ 100ಕ್ಕಿಂತ ಮೇಲಕ್ಕೆ, ಹೋಗಿದೆ. ಕೊಳ ನೋಡಿಕೊಳ್ಳುವವರು ಇನ್ನೂ ಹೆಚ್ಚು ಮಾತ್ರೆ ಹಾಕಬೇಕೆನ್ನುತ್ತಾರೆ. ಸ್ಟೆಬಿಲೈಸರನ್ನು ಇಳಿಸುವ ರಾಸಾಯನಿಕ ಏನಾದರೂ ಇದೆಯೇ? ನಮ್ಮ ಕೊಳವೆಬಾವಿಯ ನೀರು ಗಡಸು, ಬೇಸಿಗೆಯಲ್ಲಿ ಸಾಲುವುದೂ ಇಲ್ಲ. ಕೊಳವನ್ನು ಪೂರ್ತಿ ಖಾಲಿ ಮಾಡಿ ತುಂಬಿಸುವುದು ಟ್ಯಾಂಕರ್ ತರಿಸದೆ ಆಗದ ಮಾತು.

ಬೆಣ್ಣೆನಗರಿ:
ದಯವಿಟ್ಟು ಇನ್ನೊಂದು ಮಾತ್ರೆಯನ್ನೂ ಹಾಕಬೇಡಿ. ಸ್ಟೆಬಿಲೈಸರ್ ಬರುತ್ತಿರುವುದೇ ಅದರಿಂದ. ಸ್ಟೆಬಿಲೈಸರ್ ಎಂದರೆ ಸಯನ್ಯೂರಿಕ್ ಆಮ್ಲ. ಬಿಸಿಲಿನ ಅತಿನೇರಳೆ ಕಿರಣಗಳು ಕ್ಲೋರಿನ್ನನ್ನು ಕೆಲವೇ ಗಂಟೆಗಳಲ್ಲಿ ಒಡೆದುಹಾಕುವುದರಿಂದ, ಅದನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡಲು ಈ ಆಮ್ಲ ನೀರಿನಲ್ಲಿ 30ರಿಂದ 50 ಪಿಪಿಎಂ ಇರಬೇಕು. ಆದರೆ ಟ್ರೈಕ್ಲೋರ್ ಮಾತ್ರೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಈ ಆಮ್ಲವೇ ಆಗಿದ್ದು, ನಿಮ್ಮ ಕೊಳದಲ್ಲಿ ಕರಗುವ ಒಂದೊಂದು ಮಾತ್ರೆಯೂ ಸುಮಾರು 4.5 ಪಿಪಿಎಂ ಕ್ಲೋರಿನ್ನಿನ ಜೊತೆಗೆ 2.75 ಪಿಪಿಎಂ ಸ್ಟೆಬಿಲೈಸರನ್ನೂ ಸೇರಿಸುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಅಲ್ಲೇ ಉಳಿಯುತ್ತದೆ. ತಿಂಗಳಿಗೆ ಇಪ್ಪತ್ತು ಮಾತ್ರೆ ಎಂದಿಟ್ಟುಕೊಂಡರೆ 55 ಪಿಪಿಎಂ ಏರಿಕೆಯಾಯಿತು.

ಹೀಗಾಗಿ ಪಟ್ಟಿ ತೋರಿಸುವ 3 ಪಿಪಿಎಂ ಸುಳ್ಳಲ್ಲ, ಆದರೆ ಅದರ ಬಹುಪಾಲು ಆಮ್ಲದ ಹಿಡಿತದಲ್ಲಿ ಸಿಕ್ಕಿಬಿದ್ದಿದೆ. ಫ್ರೀ ಕ್ಲೋರಿನ್ ಸ್ಟೆಬಿಲೈಸರಿನ ಸುಮಾರು ಶೇಕಡಾ 7.5ರಷ್ಟಿರಬೇಕೆಂಬುದು ರೂಢಿಯ ಲೆಕ್ಕ. ಸ್ಟೆಬಿಲೈಸರ್ 40 ಇದ್ದಾಗ 3 ಪಿಪಿಎಂ ಕ್ಲೋರಿನ್ ಸಾಕು. 160 ಆದರೆ 12 ಬೇಕು. ಮಾತ್ರೆಯ ಡಬ್ಬಿಯ ಮೇಲೆ ಈ ಸಂಬಂಧವನ್ನು ಏಕೆ ಅಚ್ಚುಹಾಕುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಇಳಿಸುವ ರಾಸಾಯನಿಕದ ವಿಷಯ: ಸೂಕ್ಷ್ಮಜೀವಿಗಳಿಂದ ಆಮ್ಲವನ್ನು ಒಡೆಸುವ ಪುಡಿಗಳು ಮಾರಾಟಕ್ಕಿವೆ, ಆದರೆ ಅವು ಪ್ರತಿ ಸಲ ಫಲ ಕೊಡುತ್ತವೆಂದು ನೆಚ್ಚಿಕೊಳ್ಳುವಂತಿಲ್ಲ. ನೀರು ಬದಲಿಸುವುದೇ ಖಚಿತವಾದ ದಾರಿ. ಆವಿಯಾದಷ್ಟನ್ನು ಮತ್ತೆ ತುಂಬಿಸುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಆವಿಯ ಜೊತೆ ಆಮ್ಲ ಹೋಗುವುದಿಲ್ಲ.

ಹರಿಹರದ ಪ್ರಯೋಗಾಲಯ:
ನೀರು ಹೊರಹಾಕುವ ಮೊದಲು ನಿಜವಾದ ಅಂಕಿ ತಿಳಿದುಕೊಳ್ಳಿ. ಬಣ್ಣದ ಪಟ್ಟಿಗಳು ಸ್ಟೆಬಿಲೈಸರಿನ ಮಟ್ಟಿಗೆ ನಂಬಲರ್ಹವಲ್ಲ. ಮೆಲಮೈನ್ ದ್ರಾವಣ ಬೆರೆಸಿದಾಗ ನೀರು ಹಾಲಿನಂತೆ ಕದಡಿ, ಕೊಳವೆಯ ತಳದ ಕಪ್ಪು ಚುಕ್ಕೆ ಮರೆಯಾಗುವ ಮಟ್ಟವನ್ನು ಓದುವ ಪರೀಕ್ಷೆಯ ಕಿಟ್ಟನ್ನು ತರಿಸಿಕೊಳ್ಳಿ. ಅದರ ಅಳತೆ 100ರ ಬಳಿ ನಿಲ್ಲುವುದರಿಂದ, ಕೊಳದ ನೀರಿಗೆ ಅಷ್ಟೇ ಪ್ರಮಾಣದ ನಲ್ಲಿ ನೀರು ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು ಎರಡರಿಂದ ಗುಣಿಸಬೇಕು. ಹಗಲು ಬೆಳಕಿನಲ್ಲಿ, ಸೂರ್ಯನಿಗೆ ಬೆನ್ನುಮಾಡಿ, ಕೊಳವೆಯನ್ನು ನಿಮ್ಮ ನೆರಳಿನಲ್ಲಿ ಹಿಡಿದು ನೋಡಿ. ಕೋಣೆಯ ದೀಪದಲ್ಲಿ ನೋಡಿದರೆ ಅಂಕಿ ತಪ್ಪುತ್ತದೆ.

ದುರ್ಗದ ಹಿತ್ತಲು:
ನೀವು ಹೇಳಿದಂತೆ ಬೆರೆಸಿ ನೋಡಿದಾಗ 80 ಬಂತು, ಅಂದರೆ 160. ಈಗ ಎಷ್ಟು ನೀರು ತೆಗೆಯಬೇಕು? ಮಾತ್ರೆಯ ಬದಲು ಏನು ಬಳಸಬೇಕು?

ಬೆಣ್ಣೆನಗರಿ:
40ಕ್ಕೆ ಇಳಿಸಲು ಮುಕ್ಕಾಲು ಭಾಗ, ಅಂದರೆ 30,000 ಲೀಟರ್ ಬದಲಾಗಬೇಕು. ಮೊದಲು ತೆಗೆದು ಆಮೇಲೆ ತುಂಬಿಸಿ. ಒಂದು ಕಡೆಯಿಂದ ಬಿಡುತ್ತಾ ಇನ್ನೊಂದು ಕಡೆಯಿಂದ ತೆಗೆದರೆ ಹೊಸ ನೀರೂ ಹೊರಹೋಗಿ 55,000 ಲೀಟರ್ ಬೇಕಾಗುತ್ತದೆ. ನಾನಾದರೆ ಒಂದೇ ಸಲಕ್ಕೆ ಮುಗಿಸುತ್ತಿದ್ದೆ, ಏಕೆಂದರೆ ಕಟ್ಟಿರುವ ಪಾಚಿಯನ್ನು ಕೊಲ್ಲಲು ಕ್ಲೋರಿನ್ನನ್ನು ಸ್ಟೆಬಿಲೈಸರಿನ ಶೇಕಡಾ 40ರವರೆಗೆ ಏರಿಸಿ, ನೀರು ತಿಳಿಯಾಗುವವರೆಗೆ ಅಲ್ಲೇ ಹಿಡಿದಿಡಬೇಕಾಗುತ್ತದೆ: ಸ್ಟೆಬಿಲೈಸರ್ 40 ಇದ್ದರೆ 16 ಪಿಪಿಎಂ, 160 ಇದ್ದರೆ 64.

ಅಚ್ಚುಕಟ್ಟಿನವ:
ದಾವಣಗೆರೆಯಲ್ಲಿ ಕುಳಿತು 30,000 ಲೀಟರ್ ಎನ್ನುವುದು ಸುಲಭ, ದುರ್ಗದ ಬೇಸಿಗೆಯಲ್ಲಿ ಅದು 5,000 ಲೀಟರಿನ ಆರು ಟ್ಯಾಂಕರ್. ಈಗ ಅರ್ಧದಷ್ಟು ಬದಲಿಸಿ 80ಕ್ಕೆ ಇಳಿಸಿ, ಪಾಚಿ ತೆಗೆಯುವವರೆಗೆ 32 ಪಿಪಿಎಂ ಹಿಡಿದು, ಆಮೇಲೆ ಕ್ಲೋರಿನ್ನನ್ನು 6ರಲ್ಲಿ ಕಾಪಾಡಿಕೊಂಡರೆ ಈ ಋತು ಕಳೆಯುತ್ತದೆ. ಉಳಿದರ್ಧವನ್ನು ಮಳೆಗೆ ಬಿಡಿ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಹತ್ತಿರ ಹತ್ತಿರ 1,000 ಲೀಟರ್ ಸಿಗುತ್ತದೆ, ಅದರಲ್ಲಿ ಗಡಸುತನವೂ ಇರುವುದಿಲ್ಲ. ಮೊದಲ ಮಳೆಯನ್ನು ಹರಿಯಬಿಟ್ಟು, ಸೆಪ್ಟೆಂಬರ್ ಮತ್ತು ಅಕ್ಟೋಬರಿನ ಮಳೆಯನ್ನು ಹಿಡಿದರೆ ಬೇಕಾದಷ್ಟಾಗುತ್ತದೆ. ಕೋಟೆಯ ಹೊಂಡಗಳನ್ನು ಮಳೆನೀರಿನಿಂದಲೇ ತುಂಬಿಸಿಕೊಂಡ ಊರಿನವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಇದನ್ನು ಓದುತ್ತಿರುವ ಭದ್ರಾ ನಾಲೆಯ ಕಡೆಯವರು ಗಮನಿಸಬೇಕಾದುದೊಂದಿದೆ. ಸುತ್ತಲ ಗದ್ದೆಗಳಲ್ಲಿ ನೀರು ನಿಂತು ಅಂತರ್ಜಲ ಮೇಲೆ ಬಂದಿರುವಾಗ ಕೊಳವನ್ನು ತಳದವರೆಗೆ ಖಾಲಿ ಮಾಡಿದರೆ, ಕೆಳಗಿನ ನೀರಿನ ಒತ್ತಡಕ್ಕೆ ತಳ ಬಿರುಕು ಬಿಡಬಹುದು. ಅಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸುವುದೇ ಕ್ಷೇಮ.

ಹರಿಹರದ ಪ್ರಯೋಗಾಲಯ:
ನಿಮ್ಮ ನೀರಿನ ಅಭಾವಕ್ಕೆ ಅರ್ಧ ಬದಲಿಸುವ ಸಲಹೆಯೇ ಒಗ್ಗುತ್ತದೆ. ಮುಂದಕ್ಕೆ ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ಬಳಸಿ. ಅದರಲ್ಲಿ ಸ್ಟೆಬಿಲೈಸರ್ ಇರುವುದಿಲ್ಲ. ಶೇಕಡಾ 10ರ ದ್ರಾವಣ ಒಂದು ಲೀಟರ್ ಹಾಕಿದರೆ ನಿಮ್ಮ ಕೊಳದಲ್ಲಿ 2.5 ಪಿಪಿಎಂ ಏರುತ್ತದೆ. ಬಿಸಿಲು ಇಳಿದ ಮೇಲೆ, ಪಂಪು ಓಡುತ್ತಿರುವಾಗ, ನೀರು ಕೊಳಕ್ಕೆ ಮರಳುವ ಬಾಯಿಯ ಎದುರು ನಿಧಾನವಾಗಿ ಸುರಿಯಿರಿ. ಶೆಕೆಗೆ ಅದರ ಶಕ್ತಿ ಬೇಗ ಕುಗ್ಗುವುದರಿಂದ ತಿಂಗಳುಗಟ್ಟಲೆಗೆ ಕೂಡಿಡದೆ, ಆಗಾಗ ಸ್ವಲ್ಪವೇ ತಂದು ನೆರಳಿನಲ್ಲಿಡಿ. ಬ್ಲೀಚಿಂಗ್ ಪೌಡರಿನಲ್ಲೂ ಸ್ಟೆಬಿಲೈಸರ್ ಇಲ್ಲವೆಂಬುದು ನಿಜ, ಆದರೆ ಅದು ಸುಣ್ಣದ ಅಂಶ ಸೇರಿಸುತ್ತದೆ. ಮೊದಲೇ ಗಡಸಾದ ನಿಮ್ಮ ನೀರಿನಲ್ಲಿ ಟೈಲ್ಸ್ ಮೇಲೆ ಬಿಳಿ ಪದರ ಕಟ್ಟುವುದು ಖಂಡಿತ.

ಉಳಿದಿರುವ ಮಾತ್ರೆಗಳನ್ನು ಒಣ ಜಾಗದಲ್ಲಿ ಬೇರೆಯಾಗಿ ಇಡಿ. ಟ್ರೈಕ್ಲೋರ್ ಮಾತ್ರೆ ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಪಾತ್ರೆಯಲ್ಲಿ ಸೇರಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸ್ಫೋಟವೂ ಆಗಬಹುದು. ಆದ್ದರಿಂದ ಅಳತೆಯ ಮಗ್ಗು ಕೂಡ ಬೇರೆ ಬೇರೆ ಇರಲಿ. ಮಳೆಗಾಲ ಕಳೆದ ಮೇಲೆ ಸ್ಟೆಬಿಲೈಸರ್ 30ಕ್ಕಿಂತ ಕೆಳಗಿಳಿದಿದ್ದರೆ ಮಾತ್ರ, 1,000 ಲೀಟರಿಗೆ 1 ಗ್ರಾಂ ಹಾಕಿದರೆ 1 ಪಿಪಿಎಂ ಏರುತ್ತದೆಂಬ ಲೆಕ್ಕದಲ್ಲಿ ಸಯನ್ಯೂರಿಕ್ ಆಮ್ಲವನ್ನು ಹಳೆಯ ಕಾಲುಚೀಲದಲ್ಲಿ ತುಂಬಿ ಅದೇ ಬಾಯಿಯ ಎದುರು ತೂಗುಬಿಡಿ. ಅದು ಬಹಳ ನಿಧಾನವಾಗಿ ಕರಗುವುದರಿಂದ ವಾರ ಕಳೆಯುವ ಮೊದಲು ಮತ್ತೆ ಅಳೆದು, ಸಾಲಲಿಲ್ಲವೆಂದು ಇನ್ನಷ್ಟು ಸೇರಿಸಬೇಡಿ.