ಕ್ಯೂನಿಯ ಸಿಪಿಇ ಪರೀಕ್ಷೆ: ಎರಡನೆಯ ಸಲ ಬರೆಯುವವರು ಹೇಗೆ ಸಿದ್ಧರಾಗಬೇಕು?

ಪ್ರಶ್ನೆ – ಬೆಣ್ಣೆನಗರಿ, ಅಕ್ಟೋಬರ್ 2009

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಪಿಯುಸಿ ಮುಗಿಸಿ ಬಂದವಳು. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ಫ್ಲಶಿಂಗ್‌ನಲ್ಲಿದ್ದುಕೊಂಡು, ಕ್ಯೂನಿ ಎಂದು ಎಲ್ಲರೂ ಕರೆಯುವ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಒಂದು ಕಾಲೇಜಿನಲ್ಲಿ ಅಕೌಂಟಿಂಗ್ ಓದುತ್ತಿದ್ದೇನೆ. ಇಲ್ಲಿ 60 ಕ್ರೆಡಿಟ್ ತಲುಪುವ ಹೊತ್ತಿಗೆ ಸಿಪಿಇ ಎಂಬ ಬರವಣಿಗೆ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕು. ಇಲ್ಲದಿದ್ದರೆ ಮುಂದಿನ ಓದಿಗೂ ಪದವಿಗೂ ದಾರಿ ಇಲ್ಲ. ಇರುವುದು ಮೂರು ಅವಕಾಶ, ಅದರಲ್ಲಿ ಒಂದನ್ನು ನಾನು ಕಳೆದುಕೊಂಡಿದ್ದೇನೆ.

ಅಕೌಂಟಿಂಗ್ ವಿಷಯಗಳಲ್ಲೆಲ್ಲ ಒಳ್ಳೆಯ ಅಂಕ ಬಂದಿರುವಾಗ ಇದೊಂದರಲ್ಲಿ ಅನುತ್ತೀರ್ಣಳಾದದ್ದು ನನ್ನನ್ನು ಬಹಳ ಕುಗ್ಗಿಸಿದೆ. ಊರಿನಲ್ಲಿ ಕಲಿತಂತೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ವಿಂಗಡಿಸಿಕೊಂಡೇ ಪ್ರಬಂಧ ಬರೆದಿದ್ದೆ. ಪೀಠಿಕೆಯೇ ಒಂದು ಪುಟವಾಗಿತ್ತು. ಈಗ ವ್ಯಾಕರಣದ ಪುಸ್ತಕವೊಂದನ್ನು ಮೊದಲಿನಿಂದ ಓದಬೇಕೇ, ಮಾದರಿ ಪ್ರಬಂಧಗಳನ್ನು ಬಾಯಿಪಾಠ ಮಾಡಬೇಕೇ ಎಂಬುದು ತಿಳಿಯುತ್ತಿಲ್ಲ. ಸಂಜೆ ಅಂಗಡಿಯಲ್ಲಿ ಕೆಲಸವಿರುವುದರಿಂದ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸಮಯ ಸಿಗುವುದಿಲ್ಲ. ಬರೆದು ಗೆದ್ದವರು ದಯವಿಟ್ಟು ತಿಳಿಸಿ.

ಉತ್ತರ – ಶರಾವತಿ ತೀರ

ತಂಗಿ, ಮೊದಲು ಧೈರ್ಯ ತಂದುಕೊಳ್ಳಿ. ನಾನು ಇದೇ ವಿಶ್ವವಿದ್ಯಾಲಯದಲ್ಲಿ ಓದಿ, ಕೆಲವು ವರ್ಷ ಒಂದು ಕಾಲೇಜಿನ ರೈಟಿಂಗ್ ಸೆಂಟರ್‌ನಲ್ಲಿ ಸಿಪಿಇ ಬರೆಯುವವರ ಜೊತೆ ಕುಳಿತವಳು. ನಿಮ್ಮ ಪೀಠಿಕೆ ಒಂದು ಪುಟವಾಗಿತ್ತು ಎಂದ ಕೂಡಲೇ ಎಡವಿದ್ದು ಎಲ್ಲಿ ಎಂಬುದು ನನಗೆ ಅರ್ಥವಾಯಿತು, ಏಕೆಂದರೆ ನಾನೂ ಅಲ್ಲೇ ಎಡವಿದ್ದೆ.

ನಾವು ಶಾಲೆಯಲ್ಲಿ ಬರೆದದ್ದು ಒಂದು ವಿಷಯದ ಮೇಲಿನ ಪ್ರಬಂಧ. ಈ ಪರೀಕ್ಷೆಯ ಮೊದಲ ಭಾಗ ಕೇಳುವುದು ಎರಡು ಬರಹಗಳನ್ನು ಓದಿ, ಒಂದರ ಮಾತನ್ನು ಇನ್ನೊಂದರ ಮಾತಿಗೆ ಹೊಂದಿಸಿ ನೋಡಿ, ನಿಮ್ಮ ಅನುಭವವನ್ನೋ ಬೇರೆ ಓದನ್ನೋ ಅದರ ಪಕ್ಕಕ್ಕಿಟ್ಟು ವಿಚಾರ ಮಾಡುವುದನ್ನು. ದೊಡ್ಡ ಬರಹವನ್ನು ವಾರಗಳ ಮೊದಲೇ ಕೊಡುತ್ತಾರೆ, ಚಿಕ್ಕದನ್ನು ಪರೀಕ್ಷೆಯ ಕೊಠಡಿಯಲ್ಲೇ ಕೊಡುತ್ತಾರೆ, ಬರೆಯಲು 2 ಗಂಟೆ ಇರುತ್ತದೆ. ಬಾಯಿಪಾಠ ಮಾಡಿದ ಪ್ರಬಂಧ ಎಷ್ಟೇ ಸೊಗಸಾಗಿದ್ದರೂ ಆ ಎರಡು ಬರಹಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಭಾಷೆಯ ಶುದ್ಧಿಗೆ ಅಂಕವಿದೆ, ನಿಜ. ಆದರೆ ಓದಿದ್ದು ಅರ್ಥವಾಗಿದೆಯೇ, ಯಾರ ಮಾತು ಯಾರದೆಂದು ಸ್ಪಷ್ಟವಾಗಿ ತಿಳಿಸಿದ್ದೀರಾ ಎಂಬುದಕ್ಕೂ ಪ್ರತ್ಯೇಕ ಅಂಕಗಳಿವೆ. ನಮ್ಮವರು ಹೆಚ್ಚಾಗಿ ಸೋಲುವುದು ಈ ಕೊನೆಯದರಲ್ಲಿ. ನೋಟ್ಸ್‌ನಲ್ಲಿದ್ದ ವಾಕ್ಯವನ್ನು ಇದ್ದಂತೆಯೇ ಇಳಿಸಿದರೆ ಮೇಷ್ಟ್ರು ಮೆಚ್ಚಿ ಅಂಕ ಕೊಡುತ್ತಿದ್ದ ಕಾಲದ ಅಭ್ಯಾಸ ಬೇಗ ಬಿಟ್ಟುಹೋಗುವುದಿಲ್ಲ.

ಇದಕ್ಕೆ ನನಗೆ ಫಲ ಕೊಟ್ಟ ಉಪಾಯವೊಂದನ್ನು ಹೇಳುತ್ತೇನೆ. ಮೊದಲೇ ಸಿಕ್ಕಿದ ಬರಹವನ್ನು ಓದಿ, ಮನೆಯಲ್ಲಿ ಯಾರಿಗಾದರೂ ಅದನ್ನು ಕನ್ನಡದಲ್ಲಿ ಹೇಳಿ. ಹೇಳುವಾಗ ಲೇಖಕರ ಮಾತುಗಳೆಲ್ಲ 'ಹೀಗಂತೆ', 'ಹಾಗಾಯಿತಂತೆ' ಎಂದು ತಾವಾಗಿಯೇ ಬರುತ್ತವೆ. ನಿಮ್ಮ ಸ್ವಂತ ಅಭಿಪ್ರಾಯಕ್ಕೆ 'ಅಂತೆ' ಹತ್ತುವುದಿಲ್ಲ. ನಮ್ಮ ಭಾಷೆಯಲ್ಲಿ ಇಷ್ಟು ಚಿಕ್ಕ ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಲೇಖಕರ ಹೆಸರು ಮಾಡಬೇಕು. ಆದ್ದರಿಂದ 'ಅಂತೆ' ಬಂದ ಕಡೆಯಲ್ಲೆಲ್ಲ ಹೆಸರು ಹೇಳಿ, ಅವರ ಪದಗಳನ್ನೇ ಬಳಸಿದ್ದರೆ ಉದ್ಧರಣ ಚಿಹ್ನೆ ಹಾಕಿ. ಪೀಠಿಕೆಗೆ ನಾಲ್ಕೈದು ಸಾಲು ಸಾಕು.

ಉತ್ತರ – ಗಣಿತದ ಮನೆ

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಕನ್ನಡದಲ್ಲಿ ಹೇಳಿ ನೋಡುವುದು ಮೊದಲ ವಾರಕ್ಕೆ ಸರಿ. ಅನಂತರ ಅಂಚಿನ ಟಿಪ್ಪಣಿಗಳನ್ನು ಇಂಗ್ಲಿಷಿನಲ್ಲೇ ಬರೆದುಕೊಳ್ಳಿ. ಕೊಠಡಿಯಲ್ಲಿ ಗಡಿಯಾರ ಓಡುತ್ತಿರುವಾಗ ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಅನುವಾದಿಸುತ್ತ ಕೂರಲು ಆಗುವುದಿಲ್ಲ.

ಎರಡನೆಯ ಭಾಗದ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕೆ 1 ಗಂಟೆ ಇರುತ್ತದೆ. ಒಂದು ಚಿಕ್ಕ ಬರಹವನ್ನೂ ಎರಡು ನಕ್ಷೆಗಳನ್ನೂ ಕೊಟ್ಟು, ಬರಹದಲ್ಲಿರುವ ಹೇಳಿಕೆಗಳಿಗೂ ನಕ್ಷೆಯ ಅಂಕಿಗಳಿಗೂ ಏನು ಸಂಬಂಧ ಎಂದು ಕೇಳುತ್ತಾರೆ. ಅಕೌಂಟಿಂಗ್ ಓದುವವರು ಇದು ಸುಲಭವೆಂದುಕೊಂಡು ಅಂಕಿಗಳನ್ನೆಲ್ಲ ಸಾಲಾಗಿ ವಾಚಿಸಿಬಿಡುತ್ತಾರೆ. ಕೇಳಿರುವುದು ಅದಲ್ಲ. ಯುವಕರು ಪತ್ರಿಕೆ ಓದುವುದನ್ನು ಬಿಟ್ಟಿದ್ದಾರೆ ಎಂದು ಬರಹದಲ್ಲಿದೆ, ನಕ್ಷೆಯಲ್ಲಿ ಮಾರಾಟವಾದ ಒಟ್ಟು ಪ್ರತಿಗಳ ಇಳಿಕೆ ಮಾತ್ರ ಇದೆ ಎಂದುಕೊಳ್ಳಿ. ಪ್ರತಿಗಳು ಇಳಿದದ್ದು ನಿಜ, ಆದರೆ ಕೊಳ್ಳದೆ ಉಳಿದವರು ಯುವಕರೇ ಎಂಬುದನ್ನು ಆ ನಕ್ಷೆ ತೋರಿಸುವುದಿಲ್ಲ ಎಂದು ಬರೆಯಬೇಕು. ಪ್ರತಿ ಹೇಳಿಕೆಯ ಎದುರು ಅಂಕಿ ಅದನ್ನು ಸಮರ್ಥಿಸುತ್ತದೆಯೇ, ಅಲ್ಲಗಳೆಯುತ್ತದೆಯೇ, ಅದರ ಬಗ್ಗೆ ಮೌನವಾಗಿದೆಯೇ ಎಂದು ಕೇಳಿಕೊಂಡರೆ ಉತ್ತರ ತಾನಾಗಿ ರೂಪುಗೊಳ್ಳುತ್ತದೆ.

ಮರುಪ್ರಶ್ನೆ – ಬೆಣ್ಣೆನಗರಿ

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅಮ್ಮನಿಗೆ ಹಳೆಯ ಮಾದರಿ ಬರಹವೊಂದನ್ನು ಹೇಳಲು ಕುಳಿತಾಗ, ಅರ್ಧದಲ್ಲಿ ಅವರು "ಇದು ಅವರು ಹೇಳಿದ್ದೋ ನೀನು ಹೇಳುತ್ತಿರುವುದೋ" ಎಂದು ಕೇಳಿಬಿಟ್ಟರು. ನನ್ನ ತೊಂದರೆ ಏನೆಂದು ಆಗ ತಿಳಿಯಿತು. ಇನ್ನೊಂದು ಸಂದೇಹವಿದೆ: 2 ಗಂಟೆಯನ್ನು ಹೇಗೆ ಹಂಚಿಕೊಳ್ಳಬೇಕು? ಕಳೆದ ಸಲ ಎರಡನೆಯ ಬರಹದ ಬಗ್ಗೆ ಮೂರೇ ಸಾಲು ಬರೆಯುವಷ್ಟರಲ್ಲಿ ಸಮಯ ಮುಗಿದಿತ್ತು.

ಉತ್ತರ – ಶರಾವತಿ ತೀರ

ನಿಮ್ಮ ತಾಯಿಯವರು ಕೇಳಿದ ಪ್ರಶ್ನೆಯನ್ನು ಪ್ರತಿ ಪುಟದ ಮೇಲೆ ಬರೆದಿಟ್ಟುಕೊಳ್ಳಬಹುದು.

ಮೊದಲ ಅರ್ಧ ಗಂಟೆ ಪೆನ್ನನ್ನು ಉತ್ತರಪತ್ರಿಕೆಗೆ ತಾಗಿಸಬೇಡಿ. ಹೊಸ ಬರಹವನ್ನು ಎರಡು ಸಲ ಓದಿ, ಪ್ರಶ್ನೆಯ ಒಂದೊಂದು ಭಾಗಕ್ಕೂ ಗೆರೆ ಎಳೆದು, ಯಾವ ಪ್ಯಾರಾದಲ್ಲಿ ಯಾವುದನ್ನು ಹೇಳುತ್ತೀರಿ ಎಂದು ಗುರುತು ಮಾಡಿಕೊಳ್ಳಿ. ಕೊನೆಯ ಹದಿನೈದು ನಿಮಿಷ ತಿದ್ದಲು ಇರಲಿ. ಕ್ರಿಯಾಪದದ ಕಾಲ, ಬಿಟ್ಟುಹೋದ ಆರ್ಟಿಕಲ್‌ಗಳು ಆಗ ಕಣ್ಣಿಗೆ ಬೀಳುತ್ತವೆ. ನಡುವಿನ ಸಮಯದಲ್ಲಿ ಎರಡನೆಯ ಬರಹವನ್ನು ಕೊನೆಗೆಂದು ತೆಗೆದಿಡದೆ ಮೊದಲನೆಯದರ ಜೊತೆಜೊತೆಗೇ ತನ್ನಿ. ವಾರಕ್ಕೊಮ್ಮೆಯಾದರೂ ಪೂರ್ತಿ 2 ಗಂಟೆ ಕುಳಿತು ಕೈಯಲ್ಲೇ ಬರೆಯಿರಿ. ಕಾಲೇಜಿನಲ್ಲಿ ಈ ಪರೀಕ್ಷೆಗೆಂದೇ ಉಚಿತ ಕಾರ್ಯಾಗಾರಗಳಿರುತ್ತವೆ. ಬರೆದದ್ದನ್ನು ಅಲ್ಲಿಗೆ ಒಯ್ದು ಇನ್ನೊಬ್ಬರಿಂದ ಓದಿಸಿ.

ಸೇರ್ಪಡೆ – ಗಣಿತದ ಮನೆ, ಡಿಸೆಂಬರ್ 2010

ಈ ಚರ್ಚೆಯನ್ನು ಈಗ ಹುಡುಕಿಕೊಂಡು ಬರುವವರ ಗಮನಕ್ಕೆ: ಕ್ಯೂನಿಯ ಟ್ರಸ್ಟಿಗಳ ಮಂಡಳಿ ಕಳೆದ ನವೆಂಬರ್‌ನಲ್ಲಿ ಸಿಪಿಇಯನ್ನು ಕೈಬಿಡಲು ತೀರ್ಮಾನಿಸಿದೆ. ಇದೊಂದೇ ಕಾರಣಕ್ಕೆ ಓದು ನಿಲ್ಲಿಸಿದವರು ನಿಮ್ಮ ಪರಿಚಯದಲ್ಲಿದ್ದರೆ, ಅವರ ಪದವಿಯ ಸ್ಥಿತಿ ಈಗೇನು ಎಂದು ತಮ್ಮ ಕಾಲೇಜಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ತಪ್ಪದೆ ವಿಚಾರಿಸುವಂತೆ ತಿಳಿಸಿ.